ಲೋಳೆ ಹೋದ ಮೀನು

11 ನವೆಂಬರ್ 1964, ಬುಧವಾರ

ಬೆಳಿಗ್ಗೆ ಏಳಕ್ಕೆ ಹೊಂಡದ ನೀರು 23 ಡಿಗ್ರಿ. ಮೂರೂ ಹೊಂಡಕ್ಕೆ ಹಿಂಡಿ ಹಾಕಿದೆ. ಎರಡನೆಯದರಲ್ಲಿ ಪಾಚಿ ಜಾಸ್ತಿ. ಇಷ್ಟನ್ನು ಆಫೀಸಿನ ನೋಟ್‌ಬುಕ್ಕಿನಲ್ಲಿ ಬರೆದಾಯಿತು. ಉಳಿದದ್ದು ಇದರಲ್ಲಿ. ಇದನ್ನು ಯಾರೂ ಕೇಳುವುದಿಲ್ಲ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಅಲ್ಲಾಉದ್ದೀನ ಸಾಹೇಬರು ಬಂದರು. ಒಂದು ರೋಹು ಮೀನು ಹಿಡಿದು ತೂಕಕ್ಕೆ ಹಾಕುತ್ತಿದ್ದೆ. ಬೈದರು. ಮೀನುಗಾರಿಕೆ ಇಲಾಖೆಯಲ್ಲಿ ಫೀಲ್ಡ್‌ಮನ್ ಆಗಿ ಮೂರು ವರ್ಷವಾಯಿತು, ಇನ್ನೂ ಒಣ ಕೈಯಿಂದ ಹಿಡಿಯುತ್ತೀಯಲ್ಲ ಮರೆಪ್ಪ ಎಂದು. ಆಮೇಲೆ ಹೊಂಡದ ಒಡ್ಡಿನ ಮೇಲೆ ಕೂತು ಹೇಳಿದರು. ಮೀನಿನ ಮೈಮೇಲಿನ ಲೋಳೆ ಇರುವುದು ಜಾರಿಕೊಳ್ಳಲಿಕ್ಕೆ ಮಾತ್ರ ಅಲ್ಲ. ನೀರಿನೊಳಗಿನ ರೋಗದ ಜಂತುಗಳು ಬಂದು ಅದಕ್ಕೇ ಅಂಟಿಕೊಳ್ಳುತ್ತವೆ. ಲೋಳೆ ಸದಾ ಹೊಸದಾಗಿ ಒಸರುತ್ತದೆ, ಹಳೆಯದು ಜಂತುಗಳ ಸಮೇತ ತೊಳೆದುಹೋಗುತ್ತದೆ. ಕೆಲವನ್ನು ಅಲ್ಲೇ ಕೊಲ್ಲುವ ಗುಣವೂ ಅದಕ್ಕಿದೆ. ಒಣ ಕೈ ಒತ್ತಿದ ಕಡೆ ಲೋಳೆ ಕಿತ್ತು ಬರುತ್ತದೆ. ಅಲ್ಲೊಂದು ಬಾಗಿಲು ತೆರೆದ ಹಾಗೆ.

ಕೇಳಿದೆ— ಅಂಥ ಹೊಲಸು ನೀರಿನಲ್ಲೇ ಇರುತ್ತವೆ, ಅದನ್ನೇ ಉಸಿರಾಡುತ್ತವೆ, ಹೊಟ್ಟೆಗೂ ಅದೇ ಹೋಗುತ್ತದೆ. ಆದರೂ ಸಾಯುವುದಿಲ್ಲವಲ್ಲ?

“ಸಾಯ್ತಾವ. ನಮ್ಮಷ್ಟು ಲಗೂ ಸಾಯಂಗಿಲ್ಲ” ಎಂದರು.

ನನ್ನ ತಂಗಿ ಸೋನಾಬಾಯಿ ಎಂಟೇ ದಿನ ಕುಡಿದಿದ್ದಳು.

ಸಂಜೆ ಟಪಾಲಿನಲ್ಲಿ ಜನವರಿಯ ಪಟ್ಟಿ ಬಂತು. ಯಾವ ಯಾವ ಕೆರೆಯಲ್ಲಿ ಬಲೆ ಎಳೆದು ಮೀನಿನ ಬೆಳವಣಿಗೆ ನೋಡಬೇಕು ಎಂದು. ಅರಕೇರಿ, ಮಮದಾಪುರ... ಐದನೆಯದು ನಮ್ಮೂರು. ಗುತ್ತಿಗೆದಾರ ರಾಯಪ್ಪಗೌಡ.

ಎರಡು ಸಲ ಓದಿದೆ. ಮಡಚಿ ಕಿಸೆಯಲ್ಲಿಟ್ಟೆ.

15 ನವೆಂಬರ್, ಭಾನುವಾರ

ರಜೆ. ಇಬ್ರಾಹಿಂಪುರದ ಮನೆ. ಹತ್ತೂವರೆಯ ರೈಲು ಹೋದಾಗ ಮಾಡದಲ್ಲಿನ ತಾಟುಗಳು ಅದುರಿದವು. ಅವ್ವ ಜೋಳ ಹಸನು ಮಾಡುತ್ತಿದ್ದಳು. ರೇಣವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪಟ್ಟಿಯ ಸಂಗತಿ ಹೆಂಡತಿಗೂ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ.

ಒಮ್ಮೆ ಪೂರ್ತಿ ಬರೆದುಬಿಡಬೇಕು. ಏಳು ವರ್ಷದಲ್ಲಿ ಬರೆದಿಲ್ಲ.

1957, ಮೇ. ಅದರ ಹಿಂದಿನ ಚಳಿಗಾಲದಲ್ಲಿ ನಮ್ಮ ಕೇರಿಯ ಹದಿನಾಲ್ಕು ಮನೆಯವರು ಬೌದ್ಧರಾಗಿದ್ದೆವು. ಸತ್ತ ದನ ಹೊರುವುದನ್ನು ಬಿಟ್ಟಿದ್ದೆವು. ರಾಯಪ್ಪಗೌಡ ಆಗ ಏನೂ ಅನ್ನಲಿಲ್ಲ. ಬೇಸಿಗೆಯವರೆಗೆ ಕಾದ. ಕೇರಿಯ ಬಾವಿ ಬತ್ತಿದ ವಾರವೇ ಕೆರೆಯ ದಂಡೆಗೆ ಜಾಲಿಮುಳ್ಳು ಹಚ್ಚಿಸಿದ. ನಿಮ್ಮ ಹೊಸ ಧರ್ಮ ನಿಮಗೆ ಹೊಸ ನೀರು ಕೊಡಲಿ ಎಂದನಂತೆ. ನಮ್ಮವರು ಹಳ್ಳದಲ್ಲಿ ಗುಂಡಿ ತೋಡಿ ಕುಡಿದರು. ಎಮ್ಮೆ ಹೊರಳುವ ಜಾಗ. ಎಂಟನೆಯ ದಿನ ವಾಂತಿಭೇದಿ ಶುರುವಾಯಿತು.

ನಾನು ವಿಜಾಪುರದ ಬೋರ್ಡಿಂಗಿನಲ್ಲಿದ್ದೆ. ಊರು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕೇಳಿದ್ದನ್ನು ಬರೆಯುತ್ತೇನೆ. ಸೋನಾಬಾಯಿ ಕೆರೆಯ ನೀರು ಬೇಕು ಎಂದಳು. ಬೇರೇನೂ ಕೇಳಲಿಲ್ಲ. ಕರೆಪ್ಪ ಕಾಕಾ— ಅಪ್ಪನ ತಮ್ಮ, ಅಪ್ಪ ಮೊದಲೇ ತೀರಿಕೊಂಡಿದ್ದ— ತಂಬಿಗೆ ಹಿಡಿದು ಮುಳ್ಳು ದಾಟಿದ. ತುಂಬಿಕೊಂಡು ಮೇಲೆ ಬಂದ. ದಂಡೆಯ ಮೇಲೆ ಗೌಡ ನಿಂತಿದ್ದ. ಹೊಡೆಯಲಿಲ್ಲ. ಸುರಿ ಎಂದ ಅಷ್ಟೆ. ಕಾಕಾ ಕಾಲು ಹಿಡಿದ. ನೀವು ಕೈ ಅದ್ದಿದರೆ ಕೆರೆ ಕೆಡುತ್ತದೆ, ಒಬ್ಬನಿಗೆ ಬಿಟ್ಟರೆ ಎಲ್ಲರೂ ಬರುತ್ತೀರಿ ಎಂದ ಗೌಡ. ತಂಬಿಗೆಯ ನೀರನ್ನು ದಂಡೆಯ ಮಣ್ಣಿಗೆ ಸುರಿಸಿದ.

ಕೇರಿಯಲ್ಲಿ ನಾಲ್ಕು ಹೆಣ, ಸೋನಾಬಾಯಿಯದೂ ಸೇರಿ. ಅವಳಿಗೆ ಹನ್ನೊಂದು ವರ್ಷ.

ಠಾಣೆಯಲ್ಲಿ ಅರ್ಜಿ ತೆಗೆದುಕೊಂಡರು. ಏನೂ ಬರೆದುಕೊಳ್ಳಲಿಲ್ಲ. ಮರುವರ್ಷ ತಹಶೀಲ್ದಾರರು ಬಂದುಹೋದ ಮೇಲೆ ಕೆರೆಯ ಕೆಳದಂಡೆಯನ್ನು ಕೇರಿಗೆ ಬಿಟ್ಟುಕೊಟ್ಟರು. ಕಾಕಾ, ಚಿಗವ್ವ ಅಲ್ಲೇ ಉಳಿದರು. ನಾನು ಅವ್ವನನ್ನು ಕರೆದುಕೊಂಡು ಇಲ್ಲಿಗೆ ಬಂದೆ.

ಬರೆದಾಯಿತು. ಹಗುರಾಗುತ್ತದೆ ಅಂದುಕೊಂಡಿದ್ದೆ. ಇಲ್ಲ.

19 ಡಿಸೆಂಬರ್, ಶನಿವಾರ

ಮೂರನೆಯ ಹೊಂಡಕ್ಕೆ ರೋಗ ಬಿದ್ದಿದೆ. ಮೀನಿನ ಹೊಟ್ಟೆ ಉಬ್ಬುತ್ತದೆ, ಹುರುಪೆಗಳು ಎದ್ದು ನಿಲ್ಲುತ್ತವೆ, ಪಕ್ಕೆಯಲ್ಲಿ ಕೆಂಪು ಹುಣ್ಣು. ಇಂದು ಒಂಬತ್ತು ಸತ್ತವು. ನೀರು 19 ಡಿಗ್ರಿ.

ಸಾಹೇಬರು ಒಂದನ್ನು ಕೊಯ್ದು ತೋರಿಸಿದರು. ತಲೆಯ ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡ ಕಪ್ಪು ಕೆಂಪು ಮಾಂಸ. ಮನುಷ್ಯನಿಗೆ ರಕ್ತ ಎಲುಬಿನೊಳಗೆ ಹುಟ್ಟಿದರೆ ಮೀನಿಗೆ ಇಲ್ಲಿ. ಲೋಳೆ, ಚರ್ಮ ದಾಟಿ ಒಳಗೆ ಬಂದ ಜಂತುಗಳನ್ನು ರಕ್ತದ ಬಿಳಿಕಣಗಳು ನುಂಗುತ್ತವೆ. ಅವು ಹೋರಾಡುತ್ತಿರುವಾಗಲೇ ಆ ಒಂದು ಜಂತುವಿಗೆ ಎಂದೇ ತಯಾರಾದ ಮದ್ದು ರಕ್ತದಲ್ಲಿ ಬರತೊಡಗುತ್ತದೆ. ಸಮಯಕ್ಕೆ ಬಂದರೆ ಮೀನು ಬದುಕಿತು. ಬರಲಿಕ್ಕೆ ವಾರಗಟ್ಟಲೆ ಬೇಕು. ನೀರು ತಣ್ಣಗಿದ್ದರೆ ಇನ್ನೂ ತಡ. ಮೀನಿಗೆ ಸ್ವಂತ ಕಾವಿಲ್ಲ, ನೀರು ಹೇಗೋ ಮೈ ಹಾಗೆ.

“ಥಂಡ್ಯಾಗ ಅದರ ರಕ್ತ ಮೈಗಳ್ಳ ಆಗತೈತಿ” ಎಂದರು.

ಬದುಕಿ ಉಳಿದವುಗಳ ಬಗ್ಗೆಯೂ ಏನೋ ಹೇಳಿದರು. ಕಿವಿಗೆ ಬೀಳಲಿಲ್ಲ. ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಲೋಳೆ ಕಿತ್ತರೆ ಬಾಗಿಲು ತೆರೆಯುತ್ತದೆ. ಚಳಿಯಿದ್ದರೆ ಒಳಗಿನ ಕಾವಲು ಮಲಗಿರುತ್ತದೆ. ಜನವರಿ ಹನ್ನೆರಡಕ್ಕೆ ನಮ್ಮೂರ ಕೆರೆ.

ನನ್ನ ತಂಗಿ ನೀರಿನಿಂದ ಸತ್ತಳು. ಅವನ ಮೀನೂ ನೀರಿನಿಂದಲೇ ಸಾಯಲಿ.

9 ಜನವರಿ 1965

ಸಾಹೇಬರ ಹುಕುಂ— ಮೂರನೆಯ ಹೊಂಡ ಖಾಲಿ ಮಾಡಿ ಎಲ್ಲವನ್ನೂ ಸುಣ್ಣ ಹಾಕಿ ಹುಗಿಯಬೇಕು. ಹುಗಿದೆ. ಎಲ್ಲವನ್ನೂ ಅಲ್ಲ. ರೋಗ ತಗುಲಿಯೂ ಇನ್ನೂ ಈಜುತ್ತಿದ್ದ ಇಪ್ಪತ್ತೆರಡನ್ನು ಎರಡು ಡಬ್ಬಿಗಳಲ್ಲಿ ಶೆಡ್ಡಿನ ಹಿಂದೆ ಇಟ್ಟಿದ್ದೇನೆ. ದಿನಕ್ಕೆ ಎರಡು ಸಲ ನೀರು ಬದಲಿಸುತ್ತೇನೆ. ಇಷ್ಟು ಜತನದಿಂದ ಯಾವ ಮೀನನ್ನೂ ನೋಡಿಕೊಂಡಿಲ್ಲ.

ರೇಣವ್ವ ಕೇಳಿದಳು, ನಾಲ್ಕು ದಿನದಿಂದ ಮನೆಯಲ್ಲಿ ಸಿಳ್ಳೆ ಹಾಕುತ್ತೀರಿ, ಪ್ರಮೋಶನ್ ಬಂತೇನು ಎಂದು. ನಾನು ಸಿಳ್ಳೆ ಹಾಕುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

12 ಜನವರಿ, ಮಂಗಳವಾರ. ಸಂಜೆ 6

ಮುಗಿಯಿತು.

ಬೆಳಗಿನ ಬಸ್ಸಿಗೆ ತಿಕೋಟಾ. ಅಲ್ಲಿಂದ ಚಕ್ಕಡಿ. ಜೊತೆಗೆ ಬಲೆಯವ ಕಾಸಿಮಸಾಬ ಮತ್ತು ಅವನ ನಾಲ್ಕು ಆಳು. ಸಾಹೇಬರು ಬಬಲೇಶ್ವರದ ಕಡೆ ಬೇರೆ ಕೆಲಸಕ್ಕೆ ಹೋದರು, ಇಲ್ಲಿಯದನ್ನು ನನಗೆ ಒಪ್ಪಿಸಿದರು. ನೀರು 18.

ಗೌಡ ದಂಡೆಯ ಮೇಲೆಯೇ ಇದ್ದ. ಕೂದಲು ನೆರೆತಿದೆ. ಖಾಕಿ ನೋಡಿ ಬರ್ರಿ ಸಾಹೇಬ್ರ, ಕುಂದರ್ರಿ ಎಂದ. ಯಾವೂರು ಎಂದು ಕೇಳಿದ. ಇದೇ ಊರು ಎಂದೆ. ಮುಖ ದಿಟ್ಟಿಸಿದ.

“ಕರೆಪ್ಪನ ಅಣ್ಣನ ಮಗ ಅಲ್ಲೇನ್ಲೇ ನೀ?”

ಒಂದೇ ಉಸಿರಿನಲ್ಲಿ ‘ರಿ’ ಹೋಗಿ ‘ಲೇ’ ಬಂತು. ಆಳನ್ನು ಕರೆದು ಚಾಪೆ ತೆಗೆಸಿದ. ನಾನು ನಗುತ್ತಲೇ ಇದ್ದೆ. ಆ ಹೊತ್ತಿನಲ್ಲಿ ಚಾಪೆ ತೆಗೆಸಿದ್ದೂ ನನಗೆ ಒಳ್ಳೆಯದೇ ಅನ್ನಿಸಿತು.

ಎರಡು ವರ್ಷದ ಕಾಟ್ಲಾ ಮೀನು, ಮೊಳದುದ್ದ. ಗೌಡ ತಾನು ಮೀನು ಮುಟ್ಟುವುದಿಲ್ಲ. ಮೂಗಿಗೆ ಪಂಚೆಯ ಸೆರಗು ಹಿಡಿದು ನಿಂತು ನೋಡುತ್ತಾನೆ. ಹೋಳಿಯ ಹೊತ್ತಿಗೆ ಸೊಲ್ಲಾಪುರದ ಪೇಟೆಗೆ ಕಳಿಸುತ್ತಾನಂತೆ. ಸುತ್ತಲ ಹತ್ತು ಊರಲ್ಲಿ ಇಂಥ ಮೀನಿಲ್ಲ ಎಂದ. ಹೌದು ಎಂದೆ.

ತೂಗಿ ನೋಡಲು ನೂರು ಮೀನು ಸಾಕು. ನಾಲ್ಕು ನೂರು ಎಳೆಸಿದೆ. ಒಂದೊಂದನ್ನೂ ಒಣ ಗೋಣಿಯಲ್ಲಿ ಒರೆಸಿ, ತೂಗಿ, ನೀರಿಗೆ ಎಸೆದೆ. ಗೋಣಿ ಲೋಳೆಯಿಂದ ಅಂಟಂಟಾಯಿತು. ಹೊಸ ಗೋಣಿ ತೆಗೆದೆ. ಕಾಸಿಮಸಾಬ ಸುಮ್ಮನಿರಲಿಲ್ಲ.

“ಗೋಣಿ ತೋಯಿಸ್ರಿ ಮರೆಪ್ಪನವ್ರ. ಹಿಂಗ ಒರಸಿದ್ರ ಮೈ ಸುಲೀತೈತಿ.”

ನಿನ್ನ ಬಲೆ ನೀ ನೋಡಿಕೊ ಎಂದೆ. ನನ್ನ ಮುಖ ನೋಡಿದ. ಬಲೆಯ ಕಡೆ ನಡೆದ.

ಅವರು ರೊಟ್ಟಿಗೆ ಕೂತಾಗ ತೂಬಿನ ಬದಿಗೆ ಹೋಗಿ, ಸಾಮಾನಿನ ಜೊತೆ ತಂದಿದ್ದ ಆ ಎರಡು ಡಬ್ಬಿಗಳನ್ನು ಬಗ್ಗಿಸಿದೆ. ಮೂರು ದಾರಿಯಲ್ಲೇ ಸತ್ತಿದ್ದವು. ಅವನ್ನೂ ಬಿಟ್ಟೆ. ಸೋನಾಬಾಯಿ ಎಂದೆ. ಬಾಯಿ ಬಿಟ್ಟೇ ಅಂದೆ. ಯಾರಿಗೂ ಕೇಳಿಸಲಿಲ್ಲ.

13 ಜನವರಿ

ನೀರು 18. ಹಿಂಡಿ ಹಾಕಿದೆ.

27 ಜನವರಿ, ಬುಧವಾರ

ಬಂತು. ಗೌಡನ ಅರ್ಜಿ, ಊರ ಶಾನುಭೋಗರ ಕೈಬರಹದಲ್ಲಿ. ಕೆರೆಯ ಮೀನುಗಳು ನಾಲ್ಕು ದಿನದಿಂದ ಸಾಯುತ್ತಿವೆ, ಸಾಹೇಬರು ಕೂಡಲೇ ದಯಮಾಡಿಸಬೇಕು. ‘ನಿಮ್ಮ ನಮ್ರ’ ಎಂದು ಬರೆಸಿದ್ದಾನೆ. ಕೆಳಗೆ ಅವನ ಸಹಿ.

ಸಾಹೇಬರು ಟ್ರೇನಿಂಗಿಗೆ ಹೊಸಪೇಟೆಗೆ ಹೋಗಿದ್ದಾರೆ, ಬರುವುದು ಏಳನೇ ತಾರೀಖಿಗೆ. ಟಪಾಲು ನನ್ನ ಮೇಜಿಗೇ ಬರುತ್ತದೆ. ತಾರೀಖಿನ ಠಸ್ಸೆ ಒತ್ತಿದೆ. ಫೈಲಿನ ತಳಕ್ಕೆ ಇಟ್ಟೆ. ಏಳು ವರ್ಷದ ಹಿಂದೆ ನಮ್ಮ ಅರ್ಜಿಯನ್ನು ಹೀಗೆಯೇ ಇಟ್ಟಿದ್ದರು.

ಊಟ ರುಚಿಸಿತು. ಎರಡು ರೊಟ್ಟಿ ಜಾಸ್ತಿ ತಿಂದೆ.

2 ಫೆಬ್ರವರಿ, ಮಂಗಳವಾರ

ತಡೆಯಲಾಗಲಿಲ್ಲ, ನೋಡಲೇಬೇಕಿತ್ತು. ಅರ್ಧ ದಿನ ರಜೆ ಹಾಕಿ ಹೋದೆ. ತಿಕೋಟಾ ಸ್ಟ್ಯಾಂಡಿನಲ್ಲಿ ಪೀರಸಾಬನ ಚಹಾದಂಗಡಿಯಲ್ಲಿ ಅದೇ ಮಾತು. ಗೌಡ ದಂಡೆಯ ಮೇಲೆಯೇ ಕೂತಿರುತ್ತಾನಂತೆ, ಮನೆಗೆ ಊಟಕ್ಕೂ ಹೋಗುವುದಿಲ್ಲವಂತೆ.

ಗುಡ್ಡದ ಮೇಲಿನ ದಾರಿಯಿಂದ ನೋಡಿದೆ. ನೀರಿನ ಅಂಚಿಗೆ ಬೆಳ್ಳಗೆ ಸಾಲು. ಹೊಟ್ಟೆ ಮೇಲಾಗಿ. ಅಲ್ಲಿಯವರೆಗೆ ನಾತ. ಕಾಗೆ, ನಾಯಿ. ನಡುವೆ ಒಬ್ಬ ಮುದುಕ ಒಬ್ಬನೇ ನಿಂತಿದ್ದ, ಮೂಗಿಗೆ ಬಟ್ಟೆ ಹಿಡಿದಿರಲಿಲ್ಲ. ಬಗ್ಗಿ ಒಂದು ಮೀನನ್ನು ಕೈಯಲ್ಲಿ ಎತ್ತಿಕೊಂಡ. ಮುಟ್ಟಿದ. ಹೊರಳಿಸಿ ನೋಡಿದ. ಕೆಳಗಿಟ್ಟ. ಇನ್ನೊಂದನ್ನು ಎತ್ತಿಕೊಂಡ.

ಬಹಳ ಹೊತ್ತು ನೋಡಿದೆ. ಇನ್ನೂ ನೋಡಬೇಕು ಅನ್ನಿಸಿತು.

6 ಫೆಬ್ರವರಿ, ಶನಿವಾರ

ಚಿಗವ್ವ ಬಂದಳು. ತಿಕೋಟಾದವರೆಗೆ ನಡೆದು, ಅಲ್ಲಿಂದ ಬಸ್ಸು. ಬಾಗಿಲಲ್ಲೇ ಕುಸಿದು ಕೂತಳು.

ಗೌಡನ ಮಂದಿ ಕಾಕಾನನ್ನು ಹಿಡಿದಿದ್ದಾರೆ. ಕೆಳದಂಡೆ ಕೇರಿಯವರದು, ಅಲ್ಲಿಂದಲೇ ವಿಷ ಹಾಕಿದ್ದಾರೆ, ಕರೆಪ್ಪನಿಗೆ ಹಳೆಯ ದ್ವೇಷವಿದೆ ಎಂದು ಮಾತಾಯಿತಂತೆ. ಚಾವಡಿಯ ಕಂಬಕ್ಕೆ ಕಟ್ಟಿ ಹೊಡೆದು, ಆಮೇಲೆ ಠಾಣೆಗೆ ಒಪ್ಪಿಸಿದ್ದಾರೆ. ಅರವತ್ತರ ಮುದುಕ.

“ಮತ್ತ ಮುಳ್ಳು ಹಚ್ಯಾರ ಯಪ್ಪಾ” ಎಂದಳು. “ಹಳ್ಳದ ಗುಂಡಿ ನೀರ ಕುಡಿಯಾಕತ್ತೇವಿ. ನಾಕು ದಿನ ಆತು.”

ನಾಲ್ಕು ದಿನ.

ಅವರು ಎಂಟು ವರ್ಷದಿಂದ ಹೇಳುತ್ತ ಬಂದದ್ದು ಸುಳ್ಳು. ನಾವು ಕೆರೆ ಕೆಡಿಸುತ್ತೇವೆ ಎಂಬುದು. ಆ ಸುಳ್ಳನ್ನು ನಿಜ ಮಾಡಿ ಕೊಟ್ಟವನು ನಾನು.

7 ಫೆಬ್ರವರಿ, ಭಾನುವಾರ. ಬೆಳಿಗ್ಗೆ

ಅವ್ವನಿಗೆ ಹೇಳಿದೆ. ಚಿಗವ್ವ ಒಳಗೆ ಮಲಗಿದ್ದಳು. ಅವ್ವ ಒಲೆಯ ಮುಂದಿದ್ದಳು. ಡಬ್ಬಿ, ಗೋಣಿ, ಅರ್ಜಿ ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ಸೋನಾಬಾಯಿಯ ಸಲುವಾಗಿ ಮಾಡಿದೆ ಎಂದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅಥವಾ— ನಿಜ ಬರೆಯಬೇಕು— ಬೆನ್ನು ಸವರುತ್ತಾಳೆ ಅಂದುಕೊಂಡಿದ್ದೆ.

ರೊಟ್ಟಿ ತಿರುವಿ ಹಾಕಿದಳು.

“ಆ ನೀರು ನಮ್ಮ ಕೇರಿ ಕೂಸುಗಳೂ ಕುಡೀತಾವಲ್ಲೋ ಯಪ್ಪಾ. ಮನಶ್ಯಾರಿಗೆ ಆ ಬ್ಯಾನಿ ಬರಂಗಿಲ್ಲಂತ ಮೊದಲ ಯಾರನ್ನರ ಕೇಳಿದ್ದೇನು?”

ಕೇಳಿರಲಿಲ್ಲ. ಎರಡು ತಿಂಗಳು ಲೋಳೆ, ರಕ್ತ, ಚಳಿ ಎಲ್ಲ ಕೇಳಿದೆ. ಈ ಒಂದನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ.

8 ಫೆಬ್ರವರಿ, ಸೋಮವಾರ. ಸಂಜೆ

ಬೆಳಿಗ್ಗೆ ಎಂಟಕ್ಕೇ ಸಾಹೇಬರ ಮನೆಗೆ ಹೋದೆ. ನಿನ್ನೆ ಬಂದಿದ್ದರು. ನಿಂತೇ ಎಲ್ಲ ಹೇಳಿದೆ. ಗೌಡನ ಅರ್ಜಿಯನ್ನು ಮೇಜಿನ ಮೇಲೆ ಇಟ್ಟೆ. ಕೂಸುಗಳ ಸಂಗತಿ ಕೇಳಿದೆ. ಈ ಜಂತು ನೀರು ಕುಡಿದ ಮನುಷ್ಯರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ, ಕೊಳೆತ ಮೀನಿನ ನೀರು ಮಾಡುತ್ತದೆ ಎಂದರು. ಕೇರಿಯಲ್ಲಿ ಯಾರಿಗಾದರೂ ಭೇದಿ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ನಿನ್ನ ಪುಣ್ಯ ಅಲ್ಲ, ಆ ಕೂಸುಗಳ ಪುಣ್ಯ ಎಂದರು. ಜೀಪು ತರಿಸಿದರು.

ಠಾಣೆಯಿಂದ ಫೌಜದಾರರನ್ನೂ ಕಾಕಾನನ್ನೂ ಕರೆದುಕೊಂಡು ಕೆರೆಗೆ ಹೋದೆವು. ಕಾಕಾನ ಎಡಗಣ್ಣು ಮುಚ್ಚಿಕೊಂಡಿತ್ತು. ನನ್ನನ್ನು ನೋಡಿ, ಆರಾಮ ಇದ್ದೀಯೇನೋ ತಮ್ಮಾ ಎಂದ.

ದಂಡೆಯ ಮೇಲೆ ಊರೇ ನೆರೆದಿತ್ತು. ಸಾಹೇಬರು ಚಾಕು ನನ್ನ ಕೈಗೆ ಕೊಟ್ಟರು. ನೀನೇ ಕೊಯ್ಯಿ, ನೀನೇ ಹೇಳು ಎಂದರು. ಅದು ಶಿಕ್ಷೆ. ಅರ್ಥವಾಯಿತು.

ಕೊಯ್ದೆ. ಹೇಳಿದೆ. ವಿಷವಾದರೆ ಒಂದೇ ದಿನ ಎಲ್ಲ ಸಾಯುತ್ತವೆ, ದೊಡ್ಡದು ಸಣ್ಣದು ನೋಡುವುದಿಲ್ಲ. ಇಲ್ಲಿ ಎರಡು ವಾರದಿಂದ ದಿನಕ್ಕಿಷ್ಟು ಸಾಯುತ್ತಿವೆ. ಕಪ್ಪೆ ಜೀವಂತ ಇವೆ, ಕೆರೆಯ ಹುಟ್ಟುಮೀನು ಜೀವಂತ ಇವೆ. ಹೊಟ್ಟೆಯಲ್ಲಿ ನೀರು, ಮೈಯಲ್ಲಿ ಹುಣ್ಣು. ಇದು ರೋಗ. ಮೈಮೇಲಿನ ಲೋಳೆ ಹೋದ ಕಡೆ ಹುಣ್ಣು ಎದ್ದಿದೆ, ನೋಡ್ರಿ ಎಂದೆ. ಬೆರಳಿಟ್ಟು ತೋರಿಸಿದೆ. ಆ ಬೆರಳೇ ಅದನ್ನು ಕಿತ್ತದ್ದು. ಕಾಸಿಮಸಾಬ ಗುಂಪಿನ ಹಿಂದೆ ನಿಂತಿದ್ದ. ನೆಲ ನೋಡುತ್ತಿದ್ದ.

ಗೌಡ ಕೇಳಿದ, ರೋಗ ಎಲ್ಲಿಂದ ಬಂತು ಎಂದು.

ಸಾಹೇಬರು ನನ್ನತ್ತ ತಿರುಗಲಿಲ್ಲ. “ನಮ್ಮ ಹೊಂಡದಾಗೂ ಇತ್ತು. ನಮ್ಮ ಸಾಮಾನಿನ ಕೂಡ ಬಂದೈತಿ. ತಪ್ಪು ನಮ್ಮದು. ಈ ಮುದುಕಂದಲ್ಲ.”

ಫೌಜದಾರರು ಅಲ್ಲೇ ಕಾಕಾನನ್ನು ಬಿಟ್ಟರು. ಸಾಹೇಬರು ಮುಳ್ಳಿನ ಕಡೆ ಕೈ ತೋರಿಸಿ, ಇದಕ್ಕೆ ಐವತ್ತೈದರ ಅಸ್ಪೃಶ್ಯತೆಯ ಕಾಯಿದೆ ಇದೆ, ಬರೆದುಕೊಳ್ಳುತ್ತೀರೋ ನಾನು ಬರೆಯಲೋ ಎಂದರು. ಮುಳ್ಳು ತೆಗೆಸಿದರು. ಸತ್ತ ಮೀನೆಲ್ಲ ಎತ್ತಿ ಸುಣ್ಣ ಹಾಕಿ ಹುಗಿಯುವ ಕೆಲಸ ನನ್ನದು. ಒಬ್ಬನೇ ಮಾಡಿದೆ.

ಬರುವಾಗ ಜೀಪಿನಲ್ಲಿ ಹೇಳಿದರು. ಈಗ ಕಾಗದದ ಮೇಲೆ ನಿನ್ನ ಹೆಸರು ಹಾಕಿದರೆ ಗೌಡನ ಮಂದಿ ನಿನ್ನನ್ನು ಬಿಟ್ಟು ಕೇರಿ ಸುಡುತ್ತಾರೆ. ಅದಕ್ಕೇ ಹಾಕುತ್ತಿಲ್ಲ, ನಿನ್ನ ಸಲುವಾಗಿ ಅಲ್ಲ. ನಿನ್ನ ಬಾಯಿಂದಲೂ ಇದು ಹೊರಬೀಳಬಾರದು. ಮೇ ಕೊನೆಗೆ ನಿನಗೆ ವರ್ಗ. ಅಲ್ಲಿಯವರೆಗೆ ವಾರಕ್ಕೆ ಎರಡು ದಿನ ಆ ಕೆರೆಗೆ ಹೋಗಿ ಉಳಿದ ಮೀನು ನೋಡಿಕೊಳ್ಳಬೇಕು.

ಅವನ ಮೀನನ್ನು ನಾನು ನೋಡಿಕೊಳ್ಳಬೇಕು.

26 ಫೆಬ್ರವರಿ

ಕೆರೆ. ನೀರು 24. ಸತ್ತದ್ದು ಆರು. ಕಾಕಾನ ಕಣ್ಣು ತೆರೆದಿದೆ. ಅವನಿಗೆ ಹೇಳಿಲ್ಲ.

9 ಮಾರ್ಚ್

ನೀರು 27. ಸತ್ತದ್ದು ಒಂದು. ಗೌಡ ದಂಡೆಯಲ್ಲಿ ಚಾಪೆ ಹಾಕಿಸಿದ್ದ. ಕೂರಲಿಲ್ಲ.

24 ಮಾರ್ಚ್, ಬುಧವಾರ

ಹನ್ನೆರಡು ದಿನದಿಂದ ಒಂದೂ ಸತ್ತಿಲ್ಲ. ಮೂರರಲ್ಲಿ ಒಂದು ಪಾಲು ಉಳಿದಿದೆ. ಹುಣ್ಣು ಮಾಯ್ದು ಬಿಳಿ ಕಲೆಯಾಗಿದೆ. ಮೇಲೆ ಮತ್ತೆ ಲೋಳೆ.

ಸಾಹೇಬರು ಕೆರೆಯ ಎರಡು ಮೀನು ತರಿಸಿದರು. ರಕ್ತ ತೆಗೆದು ಹೆಪ್ಪುಗಟ್ಟಲು ಬಿಟ್ಟರು, ಮೇಲೆ ನಿಂತ ತಿಳಿಯನ್ನು ತೆಗೆದುಕೊಂಡರು. ದನದ ದವಾಖಾನೆಯ ಡಾಕ್ಟರು ಅವರ ಗೆಳೆಯ. ಸತ್ತ ಮೀನಿನ ಜಂತುಗಳನ್ನು ಅವರು ಬೆಳೆಸಿಕೊಟ್ಟಿದ್ದರು. ಗಾಜಿನ ಪಟ್ಟಿಯ ಮೇಲೆ ಜಂತುಗಳ ನೀರಿನ ಎರಡು ಹನಿ. ಒಂದಕ್ಕೆ ನಮ್ಮ ಹೊಂಡದ ಹೊಸ ಮೀನಿನ ತಿಳಿ ಹಾಕಿದರು. ಏನೂ ಆಗಲಿಲ್ಲ, ಮಬ್ಬಾಗಿಯೇ ಉಳಿಯಿತು. ಇನ್ನೊಂದಕ್ಕೆ ಗೌಡನ ಮೀನಿನದು ಹಾಕಿದರು. ಕಣ್ಣೆದುರೇ ಒಡೆದ ಹಾಲಿನ ಹಾಗೆ ಗುಂಪು ಗುಂಪಾಯಿತು. ಜಂತುಗಳು ಒಂದಕ್ಕೊಂದು ಅಂಟಿಕೊಂಡು ಬಿದ್ದುಬಿಟ್ಟವು.

“ನೀರು ಬೆಚ್ಚಗಾತು, ರಕ್ತ ಎಚ್ಚರ ಆತು” ಎಂದರು ಸಾಹೇಬರು. “ಉಳದ್ವಲ್ಲ, ಅವಕ್ಕ ಈ ರೋಗ ಇನ್ನ ಏನೂ ಮಾಡೂದಿಲ್ಲ. ನೀ ಹಾಕಿದ್ದು ಅವಕ್ಕ ಲಸಿಕಿ ಆಗೇತಿ.”

ಡಿಸೆಂಬರಿನಲ್ಲಿ ಹೇಳಿದ್ದು ಇದನ್ನೇ. ಅಂದು ನಾನು ಕೇಳಿಸಿಕೊಂಡಿರಲಿಲ್ಲ.

ಹೊಲಸು ನೀರು ಕುಡಿದು ಕೇರಿಯಲ್ಲೂ ಉಳಿದವರಿದ್ದರು. ಸೋನಾಬಾಯಿಗೆ ಇನ್ನೂ ನಾಲ್ಕು ದಿನ ಸಿಕ್ಕಿದ್ದರೆ ಅವಳ ರಕ್ತಕ್ಕೂ ಬುದ್ಧಿ ಬರುತ್ತಿತ್ತೋ ಏನೋ. ಅಷ್ಟು ದಿನ ಜೀವ ಹಿಡಿಯಲಿಕ್ಕೆ ಒಂದು ತಂಬಿಗೆ ನೀರು...

30 ಏಪ್ರಿಲ್, ಶುಕ್ರವಾರ

ಗೌಡ ಆಫೀಸಿಗೆ ಬಂದಿದ್ದ. ಬೇಸಿಗೆಯಲ್ಲಿ ನೀರು ಇಂಗಿ ಮೀನು ಒತ್ತೊತ್ತಾಗಿ ಸುತ್ತಲ ನಾಲ್ಕು ಕೆರೆಗಳಿಗೆ ಅದೇ ರೋಗ ಬಂದಿದೆ. ಅವನದಕ್ಕೆ ಮಾತ್ರ ಇಲ್ಲ. ತಳಿಗೆಂದು ಇಲಾಖೆಯೇ ಅವನ ಮೀನು ಕೇಳುತ್ತಿದೆ. ಒಂದು ಬುಟ್ಟಿ ಮಾವಿನಹಣ್ಣು ತಂದಿದ್ದ. ನನ್ನ ಮೇಜಿನ ಮೇಲೆಯೇ ಇಟ್ಟ.

“ಮರೆಪ್ಪ, ನಿನ್ನ ಕೈಗುಣ” ಎಂದ. ಲೇ ಅನ್ನಲಿಲ್ಲ. ಊರಿಗೆ ಬಂದರೆ ಮನೆಯ ಕಡೆ ಬಂದು ಹೋಗು ಎಂದ. ಕಣ್ಣಲ್ಲಿ ನೀರಿತ್ತು.

ಮೈಯೆಲ್ಲ ಉರಿಯಿತು. ಇವನನ್ನು ನಾನು ಹೊಡೆದೆ, ಇವನಿಗೆ ಗೊತ್ತಿಲ್ಲ. ಹೊಡೆದವನ ಹೆಸರು ಗೊತ್ತಿಲ್ಲದಿದ್ದರೆ ಅದು ಹೊಡೆತವೇ ಅಲ್ಲ, ಬರೀ ಕೆಟ್ಟ ಕಾಲ. ಬಾಯಿಗೆ ಬಂದಿತ್ತು. ಸಾಹೇಬರು ಎದುರಿಗಿದ್ದರು. ಕೇರಿಯ ಹದಿನಾಲ್ಕು ಮನೆ. ನುಂಗಿದೆ.

ಹಣ್ಣು ಅವರಿವರಿಗೆ ಹಂಚಿಸಿದೆ. ಮನೆಗೆ ಒಂದೂ ಒಯ್ಯಲಿಲ್ಲ.

22 ಮೇ, ಶನಿವಾರ

ಸೋಮವಾರ ಬಾಗಲಕೋಟೆಗೆ ವರ್ಗ. ರೇಣವ್ವ ಗಂಟು ಕಟ್ಟುತ್ತಿದ್ದಾಳೆ. ಮನೆಯ ತುಂಬ ಗೋಣಿಚೀಲ.

ಬೆಳಿಗ್ಗೆ ಊರಿಗೆ ಹೋಗಿದ್ದೆ. ಮೊದಲು ಕಾಕಾನಿಗೆ ಎಲ್ಲ ಹೇಳಿದೆ. ಕಾಲು ಮುಟ್ಟಿದೆ. ಅವನು ಬೀಡಿ ಸೇದಿ ಮುಗಿಸಿದ. “ನಾ ತಿಂದ ಹೊಡ್ತ ನಿಂದೇನು” ಎಂದ. ಹೌದು ಎಂದೆ. ಮುಖ ತಿರುಗಿಸಿಕೊಂಡ. ಆಮೇಲೆ ಉಂಡು ಹೋಗು ಎಂದ. ಉಣ್ಣಲಿಲ್ಲ. ಗೌಡನ ಮನೆಗೆ ನಡೆದೆ.

ಮೀನಿನ ಮಾತು ಎತ್ತಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅವಳ ಹೆಸರು ಮಾತ್ರ ಹೇಳಿ ಬರಬೇಕು. ಅವನ ಬಾಗಿಲಲ್ಲಿ, ಅವನ ಕಿವಿಗೆ.

ಕಟ್ಟೆಯ ಮೇಲೆ ಇದ್ದ. ಜೊತೆಗೆ ಅವನ ಹಳೆಯ ಆಳು ಪರಸಪ್ಪ, ಇನ್ನಿಬ್ಬರು. ಬಾ ಕೂಡ್ರು ಎಂದ. ನಿಂತೇ ಇದ್ದೆ.

“ಸೋನಾಬಾಯಿ ಸತ್ತು ಇವತ್ತಿಗೆ ಎಂಟು ವರ್ಷ ಆತ್ರಿ” ಎಂದೆ.

“ಯಾವ ಸೋನಾಬಾಯಿ?”

ಅಣಕಿಸಲಿಲ್ಲ. ಹುಬ್ಬು ಗಂಟು ಮಾಡಿ ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. ಕರೆಪ್ಪನ ಅತ್ತೆಯೇನು, ಆಕೆ ಮುಪ್ಪಾಗಿ ಸತ್ತಳಲ್ಲ ಎಂದ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಎಂಟು ವರ್ಷ ನಾನು ದಿನವೂ ಅವನನ್ನು ನೆನೆದಿದ್ದೇನೆ. ಅವನು ಅವಳನ್ನು ಒಂದು ದಿನವೂ ನೆನೆದಿಲ್ಲ. ಮರೆಯುವುದಕ್ಕಾದರೂ ಮೊದಲು ಗೊತ್ತಿರಬೇಕಿತ್ತು.

ಹೇಳಿದೆ. ಮುಳ್ಳು, ಹಳ್ಳದ ಗುಂಡಿ, ತಂಬಿಗೆ. ದನಿ ಏರಿಸಲಿಲ್ಲ. ಒಳಗಿನಿಂದ ಗೌಡನ ಹೆಂಡತಿ ಹೊಸ್ತಿಲಿಗೆ ಬಂದು ನಿಂತಳು. ಎಂಟು ವರ್ಷದ ಹಿಂದಿನದು ಈಗ ಯಾಕೆ ಎಂದ ಗೌಡ. ಯಾರು ಕಂಡಿದ್ದಾರೆ ಎಂದ.

ಆಗ ಪರಸಪ್ಪ ಮಾತಾಡಿದ. ತಲೆ ಎತ್ತದೆ.

“ನಾ ಕಂಡೇನ್ರಿ ಗೌಡ್ರ. ಮುಳ್ಳು ಹಚ್ಚಿದಾವ ನಾನ. ಆ ಹುಡುಗಿ ಸತ್ತದ್ದು ಖರೆ ಐತಿ.”

ಗೌಡ ಎದ್ದ. ಚಪ್ಪಲಿ ಹುಡುಕಿದ, ಕಾಲಿಗೆ ಸಿಗಲಿಲ್ಲ, ಬರಿಗಾಲಲ್ಲೇ ಒಳಗೆ ಹೋದ. ಹೆಂಡತಿ ದಾರಿ ಬಿಟ್ಟಳು, ಹಿಂದೆ ಹೋಗಲಿಲ್ಲ. ನಾನು ಬಂದುಬಿಟ್ಟೆ.

ಸಿಟ್ಟು ಹೋಗಿಲ್ಲ. ಹೋಗುತ್ತದೆ ಎಂದು ಹೋಗಿರಲೂ ಇಲ್ಲ. ಆದರೆ ದಾರಿಯುದ್ದಕ್ಕೂ ಗೌಡನ ಮುಖ ಒಮ್ಮೆಯೂ ಎದುರಿಗೆ ಬರಲಿಲ್ಲ. ಯಾವ ಸೋನಾಬಾಯಿ ಎಂಬುದೊಂದೇ ಕೇಳುತ್ತಿತ್ತು. ಈ ನೋಟ್‌ಬುಕ್ಕಿನ ತುಂಬ ಅವಳು ಸತ್ತದ್ದೇ ಇದೆ. ಅವಳು ಇಲ್ಲ. ಅದನ್ನಾದರೂ ಬರೆದಿಡಬೇಕು.

ಎಡಗೈಯವಳು. ಪಾಟಿಯ ಮೇಲೆ ‘ಸ’ ಬರೆದರೆ ತಿರುಗಿ ಬೀಳುತ್ತಿತ್ತು. ಬೆಲ್ಲವನ್ನು ಕೊನೆಗೆ ತಿನ್ನುತ್ತೇನೆಂದು ಇಟ್ಟುಕೊಂಡು ಇರುವೆಗೆ ಕೊಡುತ್ತಿದ್ದಳು. ಒಮ್ಮೆ ಕಾಕಾನ ಜೊತೆ ನನ್ನ ಬೋರ್ಡಿಂಗಿಗೆ ಬಂದಿದ್ದಳು. ಗೋಳಗುಮ್ಮಟ ತೋರಿಸಲು ಕರೆದುಕೊಂಡು ಹೋದೆ. ಮೇಲೆ ಹತ್ತಿ ಎಲ್ಲರೂ ಅವರವರ ಅವ್ವ ಅಪ್ಪನನ್ನು ಕೂಗುತ್ತಿದ್ದರು. ಇವಳು ತನ್ನ ಹೆಸರನ್ನೇ ಕೂಗಿದಳು. ಏಳು ಸಲ ಕೇಳುತ್ತದೆ ಎನ್ನುತ್ತಾರೆ. ಬೆರಳು ಮಡಚುತ್ತ ಎಣಿಸಿದಳು. ಐದಕ್ಕೆ ಬಂದಾಗ ನನ್ನ ಕಡೆ ತಿರುಗಿ, “ಇನ್ನೂ ಎರಡು ಅದಾವ” ಎಂದಳು.